ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಮುಂಚೆ ಕಾಲೇಜ್ ಕ್ವಾರ್ಟರ್‌ಬ್ಯಾಕ್‌ಗಳನ್ನು ಅಳೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಡ್ರಾಫ್ಟ್ ಅಂದರೆ ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜ್ ಆಟಗಾರರನ್ನು ಆರಿಸಿಕೊಳ್ಳುವುದು; ಒಂದೊಂದು ಸರದಿಯೂ ಒಂದು ಪಿಕ್. 2021ರ ಡ್ರಾಫ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಸರದಿ 12ನೆಯದು. ಅದು 3ನೇ ಸರದಿಗೆ ಏರಬೇಕೆಂದು ಮೂರು ಮೊದಲ ಸುತ್ತಿನ ಪಿಕ್‌ಗಳನ್ನು ಮಯಾಮಿಗೆ ಬಿಟ್ಟುಕೊಟ್ಟು ಟ್ರೇ ಲ್ಯಾನ್ಸ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿಕೊಂಡಿತು. ಅವನ ಮೂರನೇ ಸೀಸನ್ ಶುರುವಾಗುವ ಮುಂಚೆಯೇ ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ಡಲ್ಲಾಸ್‌ಗೆ ಸಾಗಹಾಕಿತು. ಅದೇ ತಂಡ 2022ರಲ್ಲಿ 262ನೇ ಪಿಕ್‌ನಲ್ಲಿ, ಅಂದರೆ ಕಟ್ಟಕಡೆಯಲ್ಲಿ, ಬ್ರಾಕ್ ಪರ್ಡಿ ಅನ್ನುವ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತಗೊಂಡಿತ್ತು. 2024ರ ಫೆಬ್ರವರಿಯಲ್ಲಿ ಆ ತಂಡದ ಪರವಾಗಿ ಸೂಪರ್ ಬೌಲ್ ಆಡಿದ್ದು ಪರ್ಡಿ.

ಹುಡುಕಿದವರು ಅವರೇ, ಕುಳಿತ ಕೋಣೆಯೂ ಅದೇ. ಕೋಟಿಗಟ್ಟಲೆ ಡಾಲರ್ ಸುರಿದು ಸ್ಕೌಟ್‌ಗಳನ್ನು ಇಟ್ಟುಕೊಂಡವರಿಗೇ ಹೀಗಾದರೆ ಮನೆಯಲ್ಲಿ ಟಿವಿ ಮುಂದೆ ಕುಳಿತ ನಾವೇನು ಮಾಡಬಹುದು ಅಂತ ಅನಿಸುತ್ತದೆ, ಅಲ್ವಾ? ಸಾಕಷ್ಟು ಮಾಡಬಹುದು. ಅಮೆರಿಕದಲ್ಲಿದ್ದು ಶನಿವಾರ ಕಾಲೇಜ್ ಪಂದ್ಯ, ಭಾನುವಾರ ಎನ್‌ಎಫ್‌ಎಲ್ ನೋಡುವ ಕನ್ನಡಿಗರಿಗೂ, ಡ್ರಾಫ್ಟ್‌ನ ಮೊದಲ ಸುತ್ತಿಗಾಗಿ ಬೆಂಗಳೂರಲ್ಲಿ ಶುಕ್ರವಾರ ಬೆಳಗಿನ ಜಾವ ಐದೂವರೆಗೆ ಏಳುವವರಿಗೂ ಈ ಬರಹ. ಆಟದ ಮೂಲ ನಿಯಮ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಇಡೀ ಕೆಲಸ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಮೈದಾನದಲ್ಲಿ ಆದದ್ದರಲ್ಲಿ ಈ ಹುಡುಗ ತಾನೇ ಮಾಡಿದ್ದೆಷ್ಟು, ಅವನಿಗೆ ಬೇರೆಯವರು ಮಾಡಿಕೊಟ್ಟದ್ದೆಷ್ಟು? ಅಂಕಿ ನೋಡುವಾಗ, ವಿಡಿಯೊ ನೋಡುವಾಗ, ಪ್ರೊ ಡೇ (ಕಾಲೇಜಿನಲ್ಲೇ ಸ್ಕೌಟ್‌ಗಳ ಮುಂದೆ ನಡೆಯುವ ಪ್ರದರ್ಶನ) ನೋಡುವಾಗ ಇದನ್ನೇ ಕೇಳುತ್ತಿರಿ.

ಹಂತ 1: ಅವನ ಸುತ್ತ ಯಾರಿದ್ದರು ಅಂತ ಬರೆದುಕೊಳ್ಳಿ

ಒಂದು ಪಂದ್ಯವನ್ನೂ ನೋಡುವ ಮುಂಚೆ ಪ್ರತಿ ಹುಡುಗನಿಗೂ ಒಂದು ಹಾಳೆ ಮಾಡಿ. ವಯಸ್ಸು, ಎಷ್ಟು ಪಂದ್ಯ ಸ್ಟಾರ್ಟ್ ಮಾಡಿದ (ಅಂದರೆ ಮೊದಲಿನಿಂದಲೇ ಆಡಿದ), ಎಷ್ಟು ಪಾಸ್ ಎಸೆದ, ಯಾವ್ಯಾವ ಕಾಲೇಜು, ಆಫೆನ್ಸ್ ನಡೆಸಿದ ಕೋಚ್ ಯಾರು, ಪ್ರತಿ ವರ್ಷ ಕೋಚ್ ಬದಲಾದರೇ, ರಿಸೀವರ್‌ಗಳಲ್ಲಿ ಎಷ್ಟು ಜನ ಆಮೇಲೆ ಎನ್‌ಎಫ್‌ಎಲ್‌ಗೆ ಹೋದರು ಅಥವಾ ಹೋಗುವಂತಿದ್ದಾರೆ.

ಸ್ಟಾರ್ಟ್‌ಗಳ ಲೆಕ್ಕವನ್ನು ಹಗುರವಾಗಿ ತಗೊಳ್ಳಬೇಡಿ. ಲ್ಯಾನ್ಸ್ ಕಾಲೇಜಿನಲ್ಲಿ ಸ್ಟಾರ್ಟ್ ಮಾಡಿದ್ದು 17 ಪಂದ್ಯ, ಒಟ್ಟು ಎಸೆದದ್ದು 318 ಪಾಸ್. ಅದೂ ನಾರ್ತ್ ಡಕೋಟಾ ಸ್ಟೇಟ್‌ನಲ್ಲಿ, ಒಂದು ಮೆಟ್ಟಿಲು ಕೆಳಗಿನ ಮಟ್ಟದಲ್ಲಿ. ಕೋವಿಡ್‌ನಿಂದಾಗಿ 2020ರಲ್ಲಿ ಅವನು ಆಡಿದ್ದು ಒಂದೇ ಪಂದ್ಯ. ಪರ್ಡಿ ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದವನು. 2017ರಲ್ಲಿ 2ನೇ ಪಿಕ್ ಆದ ಮಿಚೆಲ್ ಟ್ರುಬಿಸ್ಕಿಯದು 13 ಸ್ಟಾರ್ಟ್. 2023ರಲ್ಲಿ 4ನೇ ಪಿಕ್ ಆದ ಆಂಥೊನಿ ರಿಚರ್ಡ್‌ಸನ್‌ನದೂ 13. ಇನ್ನೊಂದು ತುದಿಯಲ್ಲಿ ಬೋ ನಿಕ್ಸ್ ಇದ್ದಾನೆ. ಆಬರ್ನ್, ಒರೆಗಾನ್ ಎರಡೂ ಸೇರಿ 61 ಸ್ಟಾರ್ಟ್, ಕಾಲೇಜ್ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅದೊಂದು ದಾಖಲೆ.

ಹಳೆಯ ಕೋಚ್ ಬಿಲ್ ಪಾರ್ಸೆಲ್ಸ್ ಅವರ ನಿಯಮಗಳು ಹೆಸರುವಾಸಿ. ಹುಡುಗ ಮೂರು ವರ್ಷ ಸ್ಟಾರ್ಟರ್ ಆಗಿರಬೇಕು, ಕೊನೆಯ ವರ್ಷದಲ್ಲಿರಬೇಕು, ಡಿಗ್ರಿ ಮುಗಿಸಿರಬೇಕು, 23 ಪಂದ್ಯ ಗೆದ್ದಿರಬೇಕು. ಇದನ್ನೇ ಕಲ್ಲಲ್ಲಿ ಕೆತ್ತಿದ ಹಾಗೆ ಹಿಡಿದರೆ ಮೂರನೇ ವರ್ಷ ಮುಗಿಯುತ್ತಲೇ ಕಾಲೇಜು ಬಿಟ್ಟ ಪ್ಯಾಟ್ರಿಕ್ ಮಹೋಮ್ಸ್ ಕೈತಪ್ಪುತ್ತಾನೆ. ನಾನು ಸ್ಟಾರ್ಟ್‌ಗಳ ಲೆಕ್ಕವನ್ನು ಗುಣ ಅಂತ ನೋಡುವುದಿಲ್ಲ. ನನ್ನ ಅಂದಾಜನ್ನು ನಾನು ಎಷ್ಟು ನಂಬಬಹುದು ಅನ್ನುವುದಕ್ಕೆ ಅದು ಅಳತೆ. ಕಮ್ಮಿ ಆಡಿದವನು ಕೆಟ್ಟವನೇನಲ್ಲ, ಅವನ ಬಗ್ಗೆ ನಮಗೆ ಗೊತ್ತಿರುವುದು ಕಮ್ಮಿ, ಅಷ್ಟೇ.

ವಯಸ್ಸನ್ನೂ ಹಾಗೆಯೇ ನೋಡಿ. 23, 24ರ ಹುಡುಗ 19ರ ಹುಡುಗರ ಮೇಲೆ ಆಡುವಾಗ ಎತ್ತರವಾಗಿ ಕಾಣುವುದು ಸಹಜ. 2012ರಲ್ಲಿ ಕ್ಲೀವ್‌ಲ್ಯಾಂಡ್ 22ನೇ ಪಿಕ್‌ನಲ್ಲಿ ತಗೊಂಡ ಬ್ರ್ಯಾಂಡನ್ ವೀಡನ್‌ಗೆ ಆಗಲೇ 28. ಮೊದಲು ಬೇಸ್‌ಬಾಲ್ ಆಡಿಕೊಂಡಿದ್ದವನು. ಅವನಿಂದ ಆ ತಂಡಕ್ಕೆ ಹೆಚ್ಚೇನೂ ದಕ್ಕಲಿಲ್ಲ.

ಹಂತ 2: ಅಂಕಿಗಳನ್ನು ನೀವೇ ಲೆಕ್ಕ ಹಾಕಿ

ಒಟ್ಟು ಯಾರ್ಡ್, ಒಟ್ಟು ಟಚ್‌ಡೌನ್ ನೋಡಿ ಮರುಳಾಗಬೇಡಿ. ವಾರಕ್ಕೆ 50 ಸಲ ಎಸೆಯುವ ತಂಡದಲ್ಲಿ ಯಾರ್ಡ್ ತಾನಾಗಿಯೇ ಬರುತ್ತದೆ. ನೋಡಬೇಕಾದ್ದು ಪ್ರತಿ ಎಸೆತಕ್ಕೆ ಎಷ್ಟು ಸಿಕ್ಕಿತು ಅನ್ನುವುದು. ಅದಕ್ಕೆ ಒಂದು ಸುಲಭದ ಸೂತ್ರ ಇದೆ: ಪಾಸಿಂಗ್ ಯಾರ್ಡ್‌ಗೆ ಪ್ರತಿ ಟಚ್‌ಡೌನ್‌ಗೆ 20 ಕೂಡಿಸಿ, ಪ್ರತಿ ಇಂಟರ್‌ಸೆಪ್ಷನ್‌ಗೆ 45 ಕಳೆಯಿರಿ, ಬಂದದ್ದನ್ನು ಒಟ್ಟು ಎಸೆತಗಳಿಂದ ಭಾಗಿಸಿ.

ಜೋ ಬರೋನನ್ನೇ ತಗೊಳ್ಳಿ. ಎಲ್‌ಎಸ್‌ಯುನಲ್ಲಿ (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) 2018ರಲ್ಲಿ ಅವನು 379 ಸಲ ಎಸೆದು 2,894 ಯಾರ್ಡ್, 16 ಟಚ್‌ಡೌನ್, 5 ಇಂಟರ್‌ಸೆಪ್ಷನ್ ಮಾಡಿದ. 2,894ಕ್ಕೆ 320 ಕೂಡಿಸಿ 225 ಕಳೆದರೆ 2,989. ಅದನ್ನು 379ರಿಂದ ಭಾಗಿಸಿದರೆ 7.9. ಸಾಧಾರಣ. ಮರುವರ್ಷ 527 ಎಸೆತ, 5,671 ಯಾರ್ಡ್, 60 ಟಚ್‌ಡೌನ್, 6 ಇಂಟರ್‌ಸೆಪ್ಷನ್. ಅದೇ ಲೆಕ್ಕ ಹಾಕಿದರೆ 12.5. ಒಂದೇ ವರ್ಷದಲ್ಲಿ ಇಷ್ಟು ಏರಿಕೆ!

ಇಲ್ಲೇ ನಮ್ಮ ಪ್ರಶ್ನೆ ಬರಬೇಕು. ಬದಲಾದದ್ದು ಬರೋನೋ, ಅವನ ಸುತ್ತಲಿನವರೋ? ಎರಡೂ. ನ್ಯೂ ಆರ್ಲೀನ್ಸ್ ಸೇಂಟ್ಸ್ ತಂಡದಿಂದ ಜೋ ಬ್ರೇಡಿ ಬಂದು ಪಾಸಿಂಗ್ ಆಟವನ್ನೇ ಬದಲಿಸಿದರು. ಜಮಾರ್ ಚೇಸ್, ಜಸ್ಟಿನ್ ಜೆಫರ್‌ಸನ್ ಇಬ್ಬರೂ ಒಂದೇ ತಂಡದಲ್ಲಿ ಚೆಂಡು ಹಿಡಿಯುತ್ತಿದ್ದರು. ಇಷ್ಟನ್ನೇ ನೋಡಿ ಬರೋನನ್ನು ತಳ್ಳಿಹಾಕಿದ್ದರೆ ತಪ್ಪಾಗುತ್ತಿತ್ತು. ಅವನ ಎಸೆತ ಸರಿಯಾದ ಜಾಗಕ್ಕೆ ಬೀಳುತ್ತಿತ್ತು, ಒತ್ತಡದಲ್ಲೂ ಅವನು ಗಾಬರಿ ಬೀಳುತ್ತಿರಲಿಲ್ಲ. ಅದು ಅಂಕಿಯಲ್ಲಿ ಕಾಣುವುದಿಲ್ಲ, ವಿಡಿಯೊದಲ್ಲಿ ಮಾತ್ರ ಕಾಣುತ್ತದೆ. ಯಾವುದನ್ನು ವಿಡಿಯೊದಲ್ಲಿ ಹುಡುಕಬೇಕು ಅಂತ ತೋರಿಸುವಷ್ಟಕ್ಕೇ ಅಂಕಿ ಬೇಕು.

ಎದುರಾಳಿ ಯಾರೆಂದು ನೋಡುವುದನ್ನು ಮರೆಯಬೇಡಿ. ಸಪಾಟು ಪಿಚ್ ಮೇಲೆ ರಣಜಿಯಲ್ಲಿ ದ್ವಿಶತಕ ಹೊಡೆದವನನ್ನು ನಾವು ಕಣ್ಣುಮುಚ್ಚಿ ಆಸ್ಟ್ರೇಲಿಯಾಕ್ಕೆ ಕಳಿಸುವುದಿಲ್ಲವಷ್ಟೇ. ಬಿವೈಯುನ (ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ) ಜ್ಯಾಕ್ ವಿಲ್ಸನ್ 2019ರಲ್ಲಿ 11 ಟಚ್‌ಡೌನ್, 9 ಇಂಟರ್‌ಸೆಪ್ಷನ್ ಮಾಡಿದ್ದವನು 2020ರಲ್ಲಿ 33 ಟಚ್‌ಡೌನ್, 3 ಇಂಟರ್‌ಸೆಪ್ಷನ್‌ಗೆ ಜಿಗಿದ. ಆದರೆ ಕೋವಿಡ್ ವರ್ಷದಲ್ಲಿ ಬಿವೈಯುನ ಪಂದ್ಯಗಳ ಪಟ್ಟಿ ಕುಸಿದುಬಿದ್ದು ದುರ್ಬಲ ತಂಡಗಳೇ ಜಾಸ್ತಿ ಸಿಕ್ಕಿದ್ದವು. ಅವಸರದಲ್ಲಿ ಗೊತ್ತುಮಾಡಿದ ಕೋಸ್ಟಲ್ ಕ್ಯಾರೊಲೈನಾ ಪಂದ್ಯದಲ್ಲಿ ಮೈಮೇಲೆ ಬಿದ್ದು ಆಡುವ ಡಿಫೆನ್ಸ್ ಎದುರಾಯಿತು. ಆ ಸೀಸನ್‌ನಲ್ಲಿ ಬಿವೈಯು ಸೋತಿದ್ದು ಅದೊಂದೇ, 22–17. ನಾನಾಗಿದ್ದರೆ ವಿಲ್ಸನ್‌ನ ಉಳಿದೆಲ್ಲ ಪಂದ್ಯಗಳನ್ನು ಬದಿಗಿಟ್ಟು ಆ ಒಂದನ್ನೇ ಎರಡು ಸಲ ನೋಡುತ್ತಿದ್ದೆ. ಜೆಟ್ಸ್ ತಂಡ ಅವನನ್ನು 2ನೇ ಪಿಕ್‌ನಲ್ಲಿ ತಗೊಂಡಿತು, ಮೂರು ಸೀಸನ್‌ನಲ್ಲಿ ಕೈಬಿಟ್ಟಿತು.

ಹಂತ 3: ಕಾಲೇಜ್ ಆಟ ಬೇರೆ, ಎನ್‌ಎಫ್‌ಎಲ್ ಆಟ ಬೇರೆ

ಹೊಸಬರು ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದು. ಎರಡೂ ಕಡೆ ಅದೇ ಚೆಂಡು, ಅದೇ ಮೈದಾನ ಅನಿಸುತ್ತದೆ. ನಿಯಮದಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿವೆ, ಅವು ಕ್ವಾರ್ಟರ್‌ಬ್ಯಾಕ್‌ನ ಕೆಲಸವನ್ನು ಬಹಳ ಬದಲಿಸುತ್ತವೆ.

ಕಾಲೇಜಿನಲ್ಲಿ ಸ್ಯಾಕ್‌ನಲ್ಲಿ (ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದಾಗ) ಕಳೆದುಕೊಂಡ ಯಾರ್ಡ್ ಓಟದ ಲೆಕ್ಕಕ್ಕೆ ಹೋಗುತ್ತದೆ. ಹಾಗಾಗಿ ಅವನ ಪಾಸಿಂಗ್ ಅಂಕಿ ಚೊಕ್ಕವಾಗಿ ಕಾಣುತ್ತದೆ, ಓಟದ ಅಂಕಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಸ್ಯಾಕ್‌ಗಳನ್ನು ಬೇರೆಯಾಗಿ ಹುಡುಕಿ ಬರೆದುಕೊಳ್ಳಿ.

ಕಾಲೇಜಿನಲ್ಲಿ ಪಾಸ್ ಆಟ ನಡೆಯುವಾಗ ಆಫೆನ್ಸಿವ್ ಲೈನ್‌ಮನ್ 3 ಯಾರ್ಡ್ ಮುಂದಕ್ಕೆ ಹೋಗಬಹುದು. ಎನ್‌ಎಫ್‌ಎಲ್‌ನಲ್ಲಿ 1 ಯಾರ್ಡ್ ಅಷ್ಟೇ. ಓಡಿಸುವುದೋ ಎಸೆಯುವುದೋ ಅಂತ ಕೊನೆ ಗಳಿಗೆಯಲ್ಲಿ ನಿರ್ಧರಿಸುವ ಆರ್‌ಪಿಒ ಆಟಗಳು ಕಾಲೇಜಿನಲ್ಲಿ ಅಷ್ಟು ಸಲೀಸಾಗಿ ನಡೆಯುವುದು ಇದರಿಂದ. ಒಬ್ಬ ಲೈನ್‌ಬ್ಯಾಕರ್‌ನನ್ನು ನೋಡಿ, ಅವನು ಮುಂದೆ ಬಂದರೆ ಎಸೆ, ಬರದಿದ್ದರೆ ಕೊಡು. ಯೋಚನೆ ಅಲ್ಲಿಗೆ ಮುಗಿಯಿತು. ಹುಡುಗನ ಎಸೆತಗಳಲ್ಲಿ ಅರ್ಧದಷ್ಟು ಇಂಥವೇ ಆಗಿದ್ದರೆ ಉಳಿದರ್ಧದ ಮೇಲೆ ಮಾತ್ರ ಅವನನ್ನು ಅಳೆಯಿರಿ.

ಆಟ ಶುರುವಾಗುವಾಗ ಚೆಂಡಿಡುವ ಜಾಗದ ಮಿತಿ ತೋರಿಸುವ ಹ್ಯಾಷ್ ಗುರುತುಗಳ ಎರಡು ಸಾಲುಗಳು ಕಾಲೇಜಿನಲ್ಲಿ 40 ಅಡಿ ಅಂತರದಲ್ಲಿವೆ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಷ್ ಮೇಲಿದ್ದರೆ ಆಚೆ ಬದಿಯ ಗೆರೆ 100 ಅಡಿ ದೂರ. ಎಡ ಹ್ಯಾಷ್‌ನಿಂದ ಬಲಗಡೆ ಗೆರೆಯ ಪಕ್ಕಕ್ಕೆ 15 ಯಾರ್ಡ್ ಮುಂದೆ ಎಸೆಯುವ ಔಟ್ ಪಾಸ್ ಇದೆಯಲ್ಲ, ಅದನ್ನು ಹುಡುಗ ಚಪ್ಪಟೆಯಾಗಿ, ತಡಮಾಡದೆ ಎಸೆಯಬಲ್ಲನಾದರೆ ತೋಳಿನ ಬಗ್ಗೆ ಚಿಂತೆ ಬೇಡ. 60 ಯಾರ್ಡ್ ದೂರ ಗಾಳಿಗೆ ಎಸೆದು ತೋರಿಸುವುದಕ್ಕಿಂತ ಈ ಒಂದು ಪಾಸ್ ಹೇಳುವುದು ಜಾಸ್ತಿ.

ರಿಸೀವರ್‌ಗೆ ಕಾಲೇಜಿನಲ್ಲಿ ಒಂದು ಪಾದ ಒಳಗಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಗೆರೆಯಂಚಿನಲ್ಲಿ ಹಿಡಿದ ಪಾಸ್‌ಗಳನ್ನು ನೋಡುವಾಗ ಎರಡನೇ ಪಾದ ಎಲ್ಲಿತ್ತು ಅಂತ ಗಮನಿಸಿ.

ಹಂತ 4: ವಿಡಿಯೊ ನೋಡುವ ಕ್ರಮ

ಹೈಲೈಟ್ಸ್ ಬೇಡ. ಹೈಲೈಟ್ಸ್‌ನಲ್ಲಿ ಎಲ್ಲರೂ ಮಹೋಮ್ಸ್‌ಗಳೇ. ಪೂರ್ತಿ ಪಂದ್ಯ ನೋಡಿ. ಒಬ್ಬನಿಗೆ ಕಮ್ಮಿ ಅಂದರೆ ನಾಲ್ಕು: ಅವನು ಎದುರಿಸಿದ ಅತಿ ಗಟ್ಟಿ ಡಿಫೆನ್ಸ್ ವಿರುದ್ಧದ್ದು, ಸೋತದ್ದು ಒಂದು, ಎದುರಾಳಿಯ ಮೈದಾನದಲ್ಲಿ ಗಲಾಟೆಯ ನಡುವೆ ಆಡಿದ್ದು ಒಂದು, ಹಿಂದಿನ ವರ್ಷದ್ದು ಒಂದು. ಕೊನೆಯದು ಯಾಕೆಂದರೆ ಹುಡುಗ ಏರುತ್ತಿದ್ದಾನೋ ಇಳಿಯುತ್ತಿದ್ದಾನೋ ಗೊತ್ತಾಗಬೇಕು.

ತಂಡಗಳ ಹತ್ತಿರ 22 ಆಟಗಾರರೂ ಕಾಣುವ ಎತ್ತರದ ಕ್ಯಾಮೆರಾದ ವಿಡಿಯೊ ಇರುತ್ತದೆ. ನಮಗೆ ಸಿಗುವುದು ಟಿವಿ ಪ್ರಸಾರ. ಅದರಲ್ಲಿ ಸ್ನ್ಯಾಪ್ ಆಗುತ್ತಲೇ ದೂರದ ರಿಸೀವರ್‌ಗಳು ಚೌಕಟ್ಟಿನಿಂದ ಮಾಯ. ಹಿಂದಿನಿಂದ ತೋರಿಸುವ ರೀಪ್ಲೇಗಳೇ ಚಿನ್ನ, ಅವನ್ನು ಬಿಡಬೇಡಿ.

ಪ್ರತಿ ಪಾಸ್ ಆಟವನ್ನು ಮೂರು ಸಲ ಓಡಿಸಿ. ಮೊದಲ ಸಲ ಸ್ನ್ಯಾಪ್‌ಗೆ ಮುಂಚಿನದನ್ನು ಮಾತ್ರ ನೋಡಿ. ಹಿಂದೆ ಎಷ್ಟು ಸೇಫ್ಟಿಗಳು ನಿಂತಿದ್ದಾರೆ, ಅವರು ಕದಲಿದಾಗ ಇವನು ಏನಾದರೂ ಬದಲಿಸಿದನೇ, ಅಥವಾ ಬದಿಯಲ್ಲಿ ನಿಂತ ಕೋಚ್ ಕಡೆ ತಿರುಗಿ ಉತ್ತರಕ್ಕೆ ಕಾಯುತ್ತಾನೆಯೇ. ಎರಡನೇ ಸಲ ಪಾದ ಮತ್ತು ತಲೆ. ಮೂರನೇ ಸಲ ಚೆಂಡು. ಸಾಮಾನ್ಯವಾಗಿ ನಾವು ಮೊದಲೇ ಚೆಂಡಿನ ಹಿಂದೆ ಓಡುತ್ತೇವೆ, ಅದನ್ನು ತಡೆಯುವುದಕ್ಕೇ ಈ ಕ್ರಮ.

ಒಂದು ಆಟ ಕಲ್ಪಿಸಿಕೊಳ್ಳಿ. ಮೂರನೇ ಡೌನ್, 8 ಯಾರ್ಡ್ ಬೇಕು. ಇಬ್ಬರು ಸೇಫ್ಟಿಗಳು ಹಿಂದೆ ನಿಂತಿದ್ದಾರೆ. ಸ್ನ್ಯಾಪ್ ಆಗುತ್ತಿದ್ದಂತೆ ಒಬ್ಬ ಕೆಳಗೆ ಇಳಿದು ನಡುಭಾಗ ಮುಚ್ಚುತ್ತಾನೆ. ಹುಡುಗನ ಮೊದಲ ಗುರಿ ನಡುವೆ ಓಡುವ ಸ್ಲಾಟ್ ರಿಸೀವರ್ ಆಗಿತ್ತು, ಅದು ಈಗ ಬಂದ್. ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ನ ತಲೆ ಆ ಕ್ಷಣಕ್ಕೇ ಹೊರಗಡೆಗೆ ತಿರುಗುತ್ತದೆ, ತಲೆಯ ಜೊತೆಗೆ ಮುಂದಿನ ಪಾದವೂ ತಿರುಗುತ್ತದೆ. ಹೊರಗಿನ ರಿಸೀವರ್ ಇನ್ನೂ ಬೆನ್ನು ಹಾಕಿ ಓಡುತ್ತಿರುವಾಗಲೇ ಚೆಂಡು ಕೈಬಿಟ್ಟಿರುತ್ತದೆ. ರಿಸೀವರ್ ತಿರುಗುವಷ್ಟರಲ್ಲಿ ಚೆಂಡು ಎದೆಯ ಹತ್ತಿರ. ಇನ್ನೊಬ್ಬ ಹುಡುಗನೂ ಅದೇ ಪಾಸ್ ಎಸೆಯುತ್ತಾನೆ, ಆದರೆ ರಿಸೀವರ್ ತಿರುಗಿ ಖಾಲಿ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ. ಕಾಲೇಜಿನಲ್ಲಿ ಎರಡೂ ಪಾಸ್ ಮುಟ್ಟುತ್ತವೆ. ಎನ್‌ಎಫ್‌ಎಲ್‌ನಲ್ಲಿ ಎರಡನೆಯದನ್ನು ಕಾರ್ನರ್‌ಬ್ಯಾಕ್ ಕಸಿದುಕೊಂಡು ಹೋಗುತ್ತಾನೆ. ಅಂಕಿಪಟ್ಟಿಯಲ್ಲಿ ಎರಡೂ 11 ಯಾರ್ಡ್‌ನ ಪಾಸೇ.

ಪ್ರತಿ ಆಟಕ್ಕೂ ಚಿಕ್ಕದಾಗಿ ಬರೆದುಕೊಳ್ಳಿ: ಡೌನ್ ಎಷ್ಟು, ಎಷ್ಟು ಯಾರ್ಡ್ ಬೇಕಿತ್ತು, ಒತ್ತಡ ಇತ್ತೇ, ಮೊದಲ ಗುರಿಗೇ ಎಸೆದನೋ ಎರಡನೆಯದಕ್ಕೋ, ನಿರ್ಧಾರ ಸರಿಯೇ, ಚೆಂಡು ಬಿದ್ದ ಜಾಗ ಸರಿಯೇ. ಪಾಸ್ ಪೂರ್ತಿಯಾಯಿತೋ ಇಲ್ಲವೋ ಅನ್ನುವುದನ್ನು ಕೊನೆಗೆ ಬರೆಯಿರಿ. ಸರಿಯಾದ ಎಸೆತವನ್ನು ರಿಸೀವರ್ ಕೈಚೆಲ್ಲಿದರೆ ಅದು ಹುಡುಗನ ತಪ್ಪಲ್ಲ. ಡಿಫೆಂಡರ್‌ನ ಕೈಗೇ ಎಸೆದು ಅವನು ಬಿಟ್ಟುಬಿಟ್ಟರೆ ಅದು ಇಂಟರ್‌ಸೆಪ್ಷನ್ ಅಂತಲೇ ಬರೆದುಕೊಳ್ಳಿ.

ಚೆಂಡು ಬಿದ್ದ ಜಾಗದ ಬಗ್ಗೆ ಕಟ್ಟುನಿಟ್ಟಾಗಿರಿ. ಓಡುತ್ತಿರುವ ರಿಸೀವರ್ ಹಿಂದಕ್ಕೆ ಬಾಗಿ ಹಿಡಿದರೆ ಪಾಸ್ ಪೂರ್ತಿಯಾಯಿತು ನಿಜ, ಆದರೆ ಅವನ ಓಟ ಅಲ್ಲೇ ನಿಂತಿತು. ಇಂಥದ್ದು ಒಂದು ಪಂದ್ಯದಲ್ಲಿ ಐದಾರು ಸಲ ಕಂಡರೆ 68 ಶೇಕಡಾ ಅನ್ನುವ ಸಂಖ್ಯೆಗೆ ಹೆಚ್ಚು ಬೆಲೆ ಕೊಡಬೇಡಿ.

ಹಂತ 5: ಒತ್ತಡ ಬಿದ್ದಾಗ

ಒಂದೇ ಹಂತ ಮಾಡುವಷ್ಟು ಸಮಯ ಇದ್ದರೆ ಇದನ್ನು ಮಾಡಿ. ಚೊಕ್ಕ ಪಾಕೆಟ್‌ನಲ್ಲಿ (ಲೈನ್‌ಮನ್‌ಗಳು ಸುತ್ತ ಕಾದುಕೊಟ್ಟ ಜಾಗದಲ್ಲಿ) ನಿಂತು ಎಸೆಯುವುದು ಕಾಲೇಜಿನ ದೊಡ್ಡ ತಂಡಗಳಲ್ಲಿ ದಿನನಿತ್ಯದ ಮಾತು. ಎನ್‌ಎಫ್‌ಎಲ್‌ನಲ್ಲಿ ಅದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಮೈಮೇಲೆ ಯಾರಾದರೂ ಬಂದ ಆಟಗಳನ್ನಷ್ಟೇ ಬೇರೆ ಮಾಡಿ ಎಣಿಸಿ. ಅದರಲ್ಲಿ ಎಷ್ಟು ಸ್ಯಾಕ್ ಆದವು? ಐದರಲ್ಲಿ ಒಂದಕ್ಕಿಂತ ಜಾಸ್ತಿ ಆದರೆ ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತೇನೆ. ಸ್ಯಾಕ್ ಅಂದರೆ ಲೈನ್‌ಮನ್‌ಗಳ ತಪ್ಪು ಅಂತ ಜನ ಹೇಳುತ್ತಾರೆ, ಅದು ಅರ್ಧ ಸತ್ಯ. ಒತ್ತಡ ಬರುವುದು ಲೈನ್‌ನಿಂದ, ಆ ಒತ್ತಡ ಸ್ಯಾಕ್ ಆಗುವುದು ಬಹುಮಟ್ಟಿಗೆ ಕ್ವಾರ್ಟರ್‌ಬ್ಯಾಕ್‌ನಿಂದ. ಚೆಂಡನ್ನು ಹಿಡಿದುಕೊಂಡೇ ಇರುವ ಅಭ್ಯಾಸ ಹುಡುಗನ ಜೊತೆಗೇ ಎನ್‌ಎಫ್‌ಎಲ್‌ಗೆ ಬರುತ್ತದೆ. ಒಹಾಯೊ ಸ್ಟೇಟ್‌ನಲ್ಲಿ ಜಸ್ಟಿನ್ ಫೀಲ್ಡ್ಸ್ ದೂರದ ಪಾಸ್‌ಗಾಗಿ ಕಾಯುತ್ತಿದ್ದ. ಶಿಕಾಗೊ ಬೇರ್ಸ್‌ನಲ್ಲಿ 2022ರ ಸೀಸನ್‌ನಲ್ಲಿ ಅವನ ಮೇಲೆ ಆದ ಸ್ಯಾಕ್ 55. ಬೋ ನಿಕ್ಸ್ ಇದಕ್ಕೆ ತದ್ವಿರುದ್ಧ. ಒರೆಗಾನ್‌ನಲ್ಲಿ 2023ರಲ್ಲಿ ಅವನು 77.4 ಶೇಕಡಾ ಪಾಸ್ ಪೂರ್ತಿ ಮಾಡಿದಾಗ, ಎಲ್ಲ ಚಿಕ್ಕ ಚಿಕ್ಕ ಪಾಸ್‌ಗಳು, ಏನು ಮಹಾ ಅಂದವರೇ ಜಾಸ್ತಿ. ಚಿಕ್ಕ ಪಾಸ್ ಅನ್ನುವುದು ನಿಜವೇ ಆಗಿತ್ತು. ಆದರೆ ಅವನು ಸ್ಯಾಕ್ ಆಗುತ್ತಲೇ ಇರಲಿಲ್ಲ. ಡೆನ್ವರ್‌ನಲ್ಲಿ ಮೊದಲ ವರ್ಷವೇ 29 ಟಚ್‌ಡೌನ್ ಪಾಸ್ ಎಸೆದು ತಂಡವನ್ನು ಪ್ಲೇಆಫ್‌ಗೆ ಒಯ್ದ.

ಒತ್ತಡದಲ್ಲಿ ಕಣ್ಣು ಎಲ್ಲಿದೆ ನೋಡಿ. ಹತ್ತಿರ ಬರುವ ಡಿಫೆಂಡರ್‌ನ ಮೇಲೋ, ದೂರದ ರಿಸೀವರ್ ಮೇಲೋ? ಒಳ್ಳೆಯವರು ಪಾಕೆಟ್‌ನೊಳಗೆ ಅರ್ಧ ಹೆಜ್ಜೆ ಮುಂದಿಟ್ಟು, ಭುಜ ತಗ್ಗಿಸಿ, ಕಣ್ಣು ಮೇಲಿಟ್ಟುಕೊಂಡೇ ಇರುತ್ತಾರೆ. ಭಯ ಬಿದ್ದವರು ಚೊಕ್ಕ ಪಾಕೆಟ್‌ನಿಂದಲೂ ಸುಮ್ನೆ ಹಿಂದಕ್ಕೆ ಓಡುತ್ತಾರೆ. ಟಾಮ್ ಬ್ರೇಡಿ 40 ಯಾರ್ಡ್ ಓಡಲು 5.28 ಸೆಕೆಂಡ್ ತಗೊಂಡವನು, ಲೀಗ್‌ನ ಅತಿ ನಿಧಾನದವರ ಸಾಲಿನವನು. ಆ ಅರ್ಧ ಹೆಜ್ಜೆ ಅವನ ಹಾಗೆ ಇಡುವವರು ಕಮ್ಮಿ. 199ನೇ ಪಿಕ್ ಆದವನು ಏಳು ಸೂಪರ್ ಬೌಲ್ ಗೆದ್ದ.

ಹಂತ 6: ತೋಳು, ಕಾಲು, ಮತ್ತು ಪೂರ್ವಗ್ರಹ

ತೋಳಿನ ಶಕ್ತಿ ಕಣ್ಣಿಗೆ ಬೇಗ ಹೊಡೆಯುತ್ತದೆ, ಹಾಗಾಗಿ ಅದಕ್ಕೆ ಬೆಲೆ ಜಾಸ್ತಿ ಸಿಗುತ್ತದೆ. 2007ರಲ್ಲಿ ರೇಡರ್ಸ್ ತಂಡ ಮೊದಲ ಪಿಕ್‌ನಲ್ಲಿ ತಗೊಂಡ ಜಮಾರ್ಕಸ್ ರಸೆಲ್‌ನ ತೋಳಿನ ಬಗ್ಗೆ ಆಗ ಕಥೆಗಳೇ ಇದ್ದವು. ಮೂರು ಸೀಸನ್ ಆದ ಮೇಲೆ ತಂಡ ಅವನನ್ನು ಬಿಟ್ಟಿತು. ತೋಳು ಒಂದು ಮಟ್ಟಕ್ಕಿದ್ದರೆ ಸಾಕು, ಅದರ ಮೇಲಿನದು ಲಾಭವೇ ಹೊರತು ಅಗತ್ಯವಲ್ಲ.

ಇದಕ್ಕೆ ಎದುರಾಗಿ ಎಲ್ಲರೂ ಹಿಡಿಯುವ ಹೆಸರು ಜಾಷ್ ಅಲೆನ್. ವಯೋಮಿಂಗ್‌ನಲ್ಲಿ ಅವನ ಪಾಸ್‌ಗಳಲ್ಲಿ ಪೂರ್ತಿಯಾದದ್ದು 56 ಶೇಕಡಾ ಚಿಲ್ಲರೆ. ಬಫಲೊದಲ್ಲಿ ಮೊದಲ ವರ್ಷ 52.8, ಎರಡನೇ ವರ್ಷ 58.8, ಮೂರನೇ ವರ್ಷ 69.2. ಗುರಿ ಕಲಿಸಬಹುದು ಅನ್ನುವುದಕ್ಕೆ ಇದು ಸಾಕ್ಷಿ, ನಿಜ. ಆದರೆ ಅಲೆನ್ ಒಬ್ಬ ಕಲಿತ ಅಂತ ಗುರಿತಪ್ಪುವ ಗಟ್ಟಿ ಹುಡುಗರೆಲ್ಲ ಕಲಿಯುವುದಿಲ್ಲ. ಅದೇ ಆಸೆಯಿಂದ ಇಂಡಿಯಾನಾಪೊಲಿಸ್ ರಿಚರ್ಡ್‌ಸನ್‌ನನ್ನು ತಗೊಂಡಿತು. 2024ರಲ್ಲಿ ಅವನ ಪಾಸ್‌ಗಳಲ್ಲಿ ಮುಟ್ಟಿದ್ದು 47.7 ಶೇಕಡಾ. ಯಾರನ್ನಾದರೂ ಮುಂದಿನ ಜಾಷ್ ಅಲೆನ್ ಅಂತ ಕರೆಯುವ ಮುಂಚೆ, ತಪ್ಪಿದ ಪಾಸ್‌ಗಳಲ್ಲಿ ಪಾದದ ತಪ್ಪಿನಿಂದ ತಪ್ಪಿದ್ದೆಷ್ಟು, ಪಾದ ಸರಿಯಿದ್ದೂ ತಪ್ಪಿದ್ದೆಷ್ಟು ಅಂತ ಎಣಿಸಿ. ಮೊದಲನೆಯದು ಕೋಚ್‌ನ ಕೈಲಿದೆ. ಎರಡನೆಯದರ ಬಗ್ಗೆ ನನಗೆ ನಂಬಿಕೆ ಕಮ್ಮಿ.

ಓಡುವ ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಈ ಆಟದಲ್ಲಿ ಕಪ್ಪು ಹುಡುಗರನ್ನು ಕ್ವಾರ್ಟರ್‌ಬ್ಯಾಕ್ ಆಗಿ ನೋಡಲು ಒಪ್ಪದ ಕಾಲ ಬಹಳ ದಿನ ಇತ್ತು. ವಾರನ್ ಮೂನ್‌ನನ್ನು 1978ರಲ್ಲಿ ಒಂದು ತಂಡವೂ ಡ್ರಾಫ್ಟ್ ಮಾಡಲಿಲ್ಲ. ಅವನು ಕೆನಡಾಕ್ಕೆ ಹೋಗಿ ಎಡ್ಮಂಟನ್‌ಗೆ ಐದು ಗ್ರೇ ಕಪ್ (ಅಲ್ಲಿನ ಲೀಗ್‌ನ ಕಪ್) ಗೆದ್ದುಕೊಟ್ಟು, ಆಮೇಲೆ ಹ್ಯೂಸ್ಟನ್‌ಗೆ ಬಂದು ಹಾಲ್ ಆಫ್ ಫೇಮ್ ಸೇರಿದ. 2018ರಲ್ಲೂ ಲಮಾರ್ ಜಾಕ್ಸನ್ ರಿಸೀವರ್ ಆಗಲಿ ಅಂದವರಿದ್ದರು. ಅವನು ಮೊದಲ ಸುತ್ತಿನ ಕೊನೆಯ ಪಿಕ್, 32ನೆಯವನಾಗಿ ಹೋದ. ಎರಡು ಸಲ ಎಂವಿಪಿ, ಅಂದರೆ ಲೀಗ್‌ನ ವರ್ಷದ ಅತಿ ಬೆಲೆಯುಳ್ಳ ಆಟಗಾರ, ಆದ. ನಿಮ್ಮ ಟಿಪ್ಪಣಿಯಲ್ಲಿ ಒಬ್ಬನಿಗೆ "ಹುಟ್ಟು ಓಟಗಾರ", ಇನ್ನೊಬ್ಬನಿಗೆ "ಬುದ್ಧಿವಂತ" ಅಂತ ಬರೆದಿದ್ದರೆ ಹೆಸರು ಮುಚ್ಚಿಕೊಂಡು ಇನ್ನೊಮ್ಮೆ ಓದಿ. ಹಾಗೆ ಬರೆಯುವುದಕ್ಕೆ ಯಾವ ಆಟದಲ್ಲಿ ಏನು ನೋಡಿದಿರಿ ಅಂತ ಪಕ್ಕದಲ್ಲಿ ಬರೆಯಿರಿ.

ಹಂತ 7: ಸೀನಿಯರ್ ಬೌಲ್, ಕಂಬೈನ್, ಪ್ರೊ ಡೇ

ಜನವರಿ ಕೊನೆಯ ಹೊತ್ತಿಗೆ ಅಲಬಾಮಾದ ಮೊಬೀಲ್‌ನಲ್ಲಿ ಸೀನಿಯರ್ ಬೌಲ್, ಡ್ರಾಫ್ಟ್‌ಗೆ ಹೋಗುವ ಕಾಲೇಜ್ ಆಟಗಾರರ ಪ್ರದರ್ಶನ ಪಂದ್ಯ. ಇಲ್ಲಿ ಪಂದ್ಯಕ್ಕಿಂತ ವಾರದ ಅಭ್ಯಾಸ ಮುಖ್ಯ. ಗೊತ್ತಿಲ್ಲದ ರಿಸೀವರ್‌ಗಳು, ಹೊಸ ಆಟಗಳು, ಎರಡೇ ದಿನದಲ್ಲಿ ಹುಡುಗ ಎಷ್ಟು ಹಿಡಿದುಕೊಂಡ ಅಂತ ಕಾಣುತ್ತದೆ.

ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್, ಎಲ್ಲ ತಂಡಗಳ ಮುಂದೆ ಅಳತೆ, ಪರೀಕ್ಷೆ ನಡೆಯುವ ವಾರ. ಎತ್ತರವನ್ನು ಇಂಚಿನ ಎಂಟನೇ ಒಂದು ಭಾಗದವರೆಗೆ ಅಳೆಯುತ್ತಾರೆ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಂಗೈ ಚಾಚಿಸಿ ಅಳೆಯುತ್ತಾರೆ. ಬರೋನ ಅಂಗೈ 9 ಇಂಚು ಅಂತ ಸುದ್ದಿಯಾದಾಗ ಅವನೇ ಟ್ವಿಟರ್‌ನಲ್ಲಿ, ಇಷ್ಟು ಪುಟ್ಟ ಕೈ ಇಟ್ಟುಕೊಂಡು ನಿವೃತ್ತಿಯ ಯೋಚನೆ ಮಾಡುತ್ತಿದ್ದೇನೆ ಅನ್ನುವ ಅರ್ಥದಲ್ಲಿ ಗೇಲಿ ಮಾಡಿದ್ದ. ಕೈಯಿಂದ ಚೆಂಡು ಜಾರುತ್ತದೋ ಇಲ್ಲವೋ ತಿಳಿಯಲು ಮಳೆಯಲ್ಲಿ ಆಡಿದ ಪಂದ್ಯ ನೋಡಿ, ಅಳತೆ ಪಟ್ಟಿ ಬೇಕಾಗಿಲ್ಲ. ಎತ್ತರ ನೋಡಬೇಕಾದ್ದೇ, ಆದರೆ ತೀರ್ಪಲ್ಲ. ಡ್ರೂ ಬ್ರೀಸ್ 6 ಅಡಿ. ರಸೆಲ್ ವಿಲ್ಸನ್ ಅದಕ್ಕಿಂತ ಕಮ್ಮಿ, 2012ರಲ್ಲಿ 75ನೇ ಪಿಕ್. ಕುಳ್ಳಗಿರುವವನ ವಿಡಿಯೊದಲ್ಲಿ ಮೈದಾನದ ನಡುಭಾಗಕ್ಕೆ ಪಾಸ್‌ಗಳಿವೆಯೇ ಅಂತ ಹುಡುಕಿ. ಎಲ್ಲವೂ ಬದಿಗೇ ಹೋಗುತ್ತಿದ್ದರೆ ಅವನಿಗೆ ನಡುವೆ ಕಾಣುತ್ತಿಲ್ಲ ಅಂತ ಅರ್ಥ.

ಪ್ರೊ ಡೇ ನನಗೆ ಅಷ್ಟಕ್ಕಷ್ಟೆ. ಮೈಮೇಲೆ ಬರುವವರಿಲ್ಲ, ಡಿಫೆನ್ಸ್ ಇಲ್ಲ, ಯಾವ ಪಾಸ್ ಯಾವಾಗ ಅಂತ ಮೊದಲೇ ಗೊತ್ತು. ಜ್ಯಾಕ್ ವಿಲ್ಸನ್ ಎಡಕ್ಕೆ ಓಡುತ್ತಾ ಮೈ ತಿರುಚಿ ದೂರಕ್ಕೆ ಎಸೆದ ಆ ಒಂದು ಪಾಸ್ ವಾರಗಟ್ಟಲೆ ಓಡಾಡಿತು. ಚೆಂದದ ಪಾಸ್, ಸಂಶಯವಿಲ್ಲ. ಕೋಸ್ಟಲ್ ಕ್ಯಾರೊಲೈನಾ ಪಂದ್ಯದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಂತ 8: ತಲೆ, ಮಾತು, ಮೈ

ತಂಡಗಳು ಹುಡುಗನನ್ನು ಕೂರಿಸಿ ಬೋರ್ಡ್ ಮೇಲೆ ಆಟ ಬರೆಸುತ್ತವೆ, ಅಳಿಸಿ ಮತ್ತೆ ಬರೆಸುತ್ತವೆ. 12 ನಿಮಿಷದಲ್ಲಿ 50 ಪ್ರಶ್ನೆಯ ವಂಡರ್ಲಿಕ್ ಪರೀಕ್ಷೆ ದಶಕಗಟ್ಟಲೆ ನಡೆಯಿತು, 2022ರಿಂದ ಕಂಬೈನ್‌ನಲ್ಲಿ ಅದು ಇಲ್ಲ. 2023ರಲ್ಲಿ ಸಿ.ಜೆ. ಸ್ಟ್ರೌಡ್‌ಗೆ ಎಸ್2 ಅನ್ನುವ ಇನ್ನೊಂದು ಪರೀಕ್ಷೆಯಲ್ಲಿ ಅಂಕ ಕಮ್ಮಿ ಬಂತು ಅಂತ ಸುದ್ದಿ ಸೋರಿತು. ಅವನು ಆ ವರ್ಷವೇ ಹ್ಯೂಸ್ಟನ್‌ನ್ನು ಪ್ಲೇಆಫ್‌ಗೆ ಒಯ್ದು ವರ್ಷದ ಹೊಸಬ ಪ್ರಶಸ್ತಿ ಪಡೆದ. ಏಪ್ರಿಲ್‌ನಲ್ಲಿ ಸೋರುವ ಸುದ್ದಿಗಳ ಹಿಂದೆ ಯಾರಾದರೊಬ್ಬರ ಲಾಭ ಇರುತ್ತದೆ. ಆ ತಿಂಗಳು ಕಿವಿ ಮುಚ್ಚಿಕೊಂಡಿರಿ.

ನಮ್ಮ ಕೈಗೆ ಸಿಗುವುದು ಸೋತ ಪಂದ್ಯದ ನಂತರದ ಪತ್ರಿಕಾಗೋಷ್ಠಿ. ತಪ್ಪು ಯಾವ ಆಟದಲ್ಲಿ ಆಯಿತು ಅಂತ ಅವನಿಗೆ ನೆನಪಿದೆಯೇ, ಆ ಆಟದಲ್ಲಿ ತನ್ನ ಪಾಲೇನು ಅಂತ ಹೇಳುತ್ತಾನೆಯೇ? ಇಷ್ಟಕ್ಕಿಂತ ಜಾಸ್ತಿ ಮನಶ್ಶಾಸ್ತ್ರ ಬೇಡ.

ಗಾಯಗಳ ಪಟ್ಟಿ ಮಾಡಿ, ತೀರ್ಪು ಡಾಕ್ಟರ್‌ಗಳಿಗೆ ಬಿಡಿ. ಟುವಾ ಟಾಗೊವೈಲೋವಾಗೆ 2019ರ ನವೆಂಬರ್‌ನಲ್ಲಿ ಸೊಂಟದ ಕೀಲು ತಪ್ಪಿತ್ತು, ಆದರೂ 5ನೇ ಪಿಕ್ ಆದ. ಅವನಿಗಿಂತ ಒಂದು ಸರದಿ ಹಿಂದೆ ಹೋದವನು ಜಸ್ಟಿನ್ ಹರ್ಬರ್ಟ್.

ಹಂತ 9: ದರ್ಜೆ ಕೊಡಿ

ನನ್ನ ಹಾಳೆಯಲ್ಲಿ ಚೆಂಡು ಬೀಳುವ ಜಾಗ ಮತ್ತು ಒತ್ತಡದಲ್ಲಿ ನಡವಳಿಕೆ, ಈ ಎರಡಕ್ಕೇ ಅರ್ಧಕ್ಕಿಂತ ಜಾಸ್ತಿ ತೂಕ. ಆಮೇಲೆ ಕಣ್ಣು ಎಷ್ಟು ಬೇಗ ಎರಡನೇ ಗುರಿಗೆ ಹೋಗುತ್ತದೆ ಅನ್ನುವುದು. ತೋಳು, ಕಾಲು ಕೊನೆಗೆ. ನಿಮ್ಮ ತೂಕ ಬೇರೆ ಇರಬಹುದು, ಆದರೆ ಎಲ್ಲ ಹುಡುಗರಿಗೂ ಒಂದೇ ತಕ್ಕಡಿ ಇರಲಿ.

ಅಂಕದ ಕೆಳಗೆ ಎರಡು ಸಾಲು ಬರೆಯಿರಿ: ಇವನು ಗೆದ್ದರೆ ಯಾವುದರಿಂದ ಗೆಲ್ಲುತ್ತಾನೆ, ಸೋತರೆ ಯಾವುದರಿಂದ ಸೋಲುತ್ತಾನೆ. 2017ರಲ್ಲಿ ಈ ಕೆಲಸ ಮಾಡಿದ್ದರೆ ಟ್ರುಬಿಸ್ಕಿ ಮತ್ತು ಮಹೋಮ್ಸ್ ಹಾಳೆಗಳು ಹೇಗಿರುತ್ತಿದ್ದವು ಯೋಚಿಸಿ. ಟ್ರುಬಿಸ್ಕಿಯದು 30 ಟಚ್‌ಡೌನ್, 6 ಇಂಟರ್‌ಸೆಪ್ಷನ್, ಚೊಕ್ಕ ಅಂಕಿ, ಚಿಕ್ಕ ದಾಖಲೆ. ಮಹೋಮ್ಸ್‌ನ ಟೆಕ್ಸಾಸ್ ಟೆಕ್ ಆ ವರ್ಷ 5 ಗೆದ್ದು 7 ಸೋತಿತ್ತು. ಒಕ್ಲಹೋಮಾ ವಿರುದ್ಧ ಅವನು 734 ಯಾರ್ಡ್ ಎಸೆದೂ ತಂಡ 66–59ಕ್ಕೆ ಸೋತಿತು. ಡಿಫೆನ್ಸ್ ಕೆಟ್ಟದ್ದು, ಆಟದ ಪದ್ಧತಿಯ ಮೇಲೆ ಯಾರಿಗೂ ನಂಬಿಕೆಯಿಲ್ಲ, ಅವನ ಪಾದಗಳು ಅಡ್ಡಾದಿಡ್ಡಿ. ಬೇರೆಯವರು ಮಾಡಿಕೊಟ್ಟದ್ದೆಷ್ಟು ಅಂತ ಕೇಳಿದರೆ ಅವನ ಹಾಳೆಯಲ್ಲಿ ಉತ್ತರ ಬಹಳ ಕಮ್ಮಿ. ಕ್ಯಾನ್ಸಸ್ ಸಿಟಿ 27ರಿಂದ 10ಕ್ಕೆ ಏರಿ ಅವನನ್ನು ತಗೊಂಡಿತು.

ಇಷ್ಟೆಲ್ಲ ಆದ ಮೇಲೆ ಬೇರೆಯವರ ಮಾಕ್ ಡ್ರಾಫ್ಟ್ (ಯಾವ ತಂಡ ಯಾರನ್ನು ಆರಿಸುತ್ತದೆ ಅನ್ನುವ ಊಹೆಯ ಪಟ್ಟಿ) ಓದಿ. ಮೊದಲೇ ಓದಿದರೆ ನೀವು ನೋಡುವುದು ಅವರ ಕಣ್ಣಿನಿಂದ.

ಹಂತ 10: ಡ್ರಾಫ್ಟ್ ರಾತ್ರಿ

ಹುಡುಗ ಹೋಗುವ ತಂಡವೂ ಅರ್ಧ ಉತ್ತರ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ಮೊದಲ ಪಿಕ್‌ನಲ್ಲಿ ಡೇವಿಡ್ ಕಾರ್‌ನನ್ನು ತಗೊಂಡು ಮೊದಲ ಪಂದ್ಯದಿಂದಲೇ ಆಡಿಸಿತು. ಆ ಸೀಸನ್‌ನಲ್ಲಿ ಅವನು 76 ಸಲ ಸ್ಯಾಕ್ ಆದ. ಆರನ್ ರಾಜರ್ಸ್ 2005ರಲ್ಲಿ 24ನೇ ಪಿಕ್ ಆಗಿ ಗ್ರೀನ್ ಬೇಗೆ ಹೋಗಿ ಬ್ರೆಟ್ ಫಾರ್ವ್ ಹಿಂದೆ ಮೂರು ವರ್ಷ ಕಾದ. ಮಹೋಮ್ಸ್ ಕೂಡ ಮೊದಲ ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂತು ಒಂದೇ ಪಂದ್ಯ ಆಡಿದ. ಹೆಸರು ಕೂಗಿದ ತಕ್ಷಣ ನಾಲ್ಕು ವಿಷಯ ಬರೆದುಕೊಳ್ಳಿ: ಆಟ ಕರೆಯುವ ಕೋಚ್ ಯಾರು, ಆ ಕೋಚ್‌ನ ಕೆಲಸ ಎಷ್ಟು ಗಟ್ಟಿ, ಲೈನ್ ಹೇಗಿದೆ, ಹಳಬ ಕ್ವಾರ್ಟರ್‌ಬ್ಯಾಕ್ ಇದ್ದಾನೆಯೇ.

2021ರ ಮೊದಲ ಸುತ್ತಿನಲ್ಲಿ ಐದು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. 2024ರ ಏಪ್ರಿಲ್ ಮುಗಿಯುವಷ್ಟರಲ್ಲಿ ತನ್ನನ್ನು ತಗೊಂಡ ತಂಡದಲ್ಲೇ ಉಳಿದವನು ಟ್ರೆವರ್ ಲಾರೆನ್ಸ್ ಒಬ್ಬನೇ. ಹಾಗಂತ ಮೂರನೇ ವರ್ಷಕ್ಕೆ ಹಾಳೆ ಹರಿದುಹಾಕಬೇಡಿ. 2018ರಲ್ಲಿ 3ನೇ ಪಿಕ್ ಆದ ಸ್ಯಾಮ್ ಡಾರ್ನಾಲ್ಡ್ ಜೆಟ್ಸ್‌ನಲ್ಲಿ ನೆಲಕಚ್ಚಿ, ತಂಡದಿಂದ ತಂಡಕ್ಕೆ ಅಲೆದು, 2024ರಲ್ಲಿ ಮಿನೆಸೋಟಾಕ್ಕೆ 14 ಪಂದ್ಯ ಗೆದ್ದುಕೊಟ್ಟ. ಹಾಳೆಯ ಕೊನೆಯಲ್ಲಿ ವರ್ಷಕ್ಕೊಂದು ಸಾಲಿಗೆ ಜಾಗ ಬಿಡಿ. ಆ ವರ್ಷ ಅವನ ಕೋಚ್ ಯಾರು, ಎಷ್ಟು ಒತ್ತಡ, ಎಷ್ಟು ಸ್ಯಾಕ್ ಅಂತ ತುಂಬುತ್ತಾ ಹೋಗಿ. ಏಳೆಂಟು ಸಾಲಿಗಾದರೂ ಜಾಗ ಇರಲಿ.